ಮಿಂಚುಳ್ಳೀಯ ಎಂದರೇನು

ಮನೆಯಿಂದ,
ಹದಿನೇಳನೇ ತಾರೀಖು, ಭಾನುವಾರ, ಊಟವಾದ ಮೇಲೆ

ಪ್ರೀತಿಯ ಇವಳೇ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ತಾಲೀಮು ಮುಗಿಯುವ ಹೊತ್ತಿಗೆ ನಿನ್ನ ಗಂಟಲು ಕೂತು ಹೋಗಿರುತ್ತದೆ ಎಂದು ನನಗೆ ಗೊತ್ತು. ನಟರು ಕೂಗಬೇಕಾದದ್ದನ್ನೆಲ್ಲ ನೀನೇ ಕೂಗಿ ತೋರಿಸುವ ಚಟ ಬಿಡು. ಬೆಳಿಗ್ಗೆ ಎದ್ದ ತಕ್ಷಣ ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸು. ಹಲ್ಲಿನ ಡಾಕ್ಟರ ಮಾತು ಗಂಟಲಿಗೆ ನಡೆಯುವುದಿಲ್ಲ ಎಂದು ನೀನು ಹಾಸ್ಯ ಮಾಡುತ್ತೀಯ, ಮಾಡು, ಆದರೆ ಮುಕ್ಕಳಿಸು. ಮನೆಯೊಡತಿಯ ಬೆಕ್ಕು ಈಗಲೂ ನೀನು ಬರೆಯುತ್ತಿರುವ ಹಾಳೆಯ ಮೇಲೆಯೇ ಬಂದು ಮಲಗುತ್ತದೆಯೇ? ಹೊಸ ಚಪ್ಪಲಿ ಕಚ್ಚಿದ ಗಾಯ ಮಾಯಿತೇ?

ನಾನು ಚೆನ್ನಾಗಿದ್ದೇನೆ. ಮಗಳೂ ಚೆನ್ನಾಗಿದ್ದಾಳೆ, ಅವಳ ನಕ್ಷೆ ಬಿಡಿಸುವ ಕಚೇರಿಯಲ್ಲಿ ಈಗ ಕೆಲಸ ಜಾಸ್ತಿ, ಬಂದವಳೇ ಬೆನ್ನು ನೋವು ಎಂದು ಸೋಫಾದ ಮೇಲೆ ಅಡ್ಡಾಗುತ್ತಾಳೆ. ಛಾವಣಿಯ ನೀರಿನ ತೊಟ್ಟಿ ಸೋರುವುದು ನಿಂತಿದೆ. ಫೋನ್ ಮಾಡಬಹುದಿತ್ತಲ್ಲ, ಕಾಗದ ಯಾಕೆ ಎಂದು ನೀನು ಕೇಳಬಹುದು. ಫೋನಿನಲ್ಲಿ ನಾವಿಬ್ಬರೂ ‘ಮತ್ತೇನು’, ‘ಮತ್ತೇನಿಲ್ಲ’ ಅನ್ನುವುದರಲ್ಲೇ ಮುಗಿಸಿಬಿಡುತ್ತೇವೆ. ಈ ಸಲ ಹೇಳಬೇಕಾದದ್ದು ಅಷ್ಟರಲ್ಲಿ ಮುಗಿಯುವಂಥದ್ದಲ್ಲ.

ನಿನ್ನ ಹಿಂದಿನ ಕಾಗದದಲ್ಲಿ ಬೆಕ್ಕಿಗೂ ಚಪ್ಪಲಿಗೂ ನಡುವೆ ಒಂದು ಸಾಲು ಇತ್ತು. ‘ಇಲ್ಲಿನ ನಾಟಕಶಾಲೆಯವರು ಇಲ್ಲೇ ಇದ್ದುಬಿಡಿ ಅನ್ನುತ್ತಿದ್ದಾರೆ, ನೋಡೋಣ.’ ಅಷ್ಟೇ. ಅದನ್ನು ಓದಿ, ಕಾಗದ ಮಡಿಸಿ, ಮತ್ತೆ ಬಿಚ್ಚಿ ಓದಿ, ನಿನಗೆ ಉತ್ತರ ಬರೆಯಲು ಕುಳಿತವನು ಎರಡು ಪುಟ ತೊಟ್ಟಿಯ ಬಗ್ಗೆ ಬರೆದೆ. ಯಾವ ಸಿಮೆಂಟು, ಯಾವ ಪೈಪು, ಕೆಲಸದವನು ಎಷ್ಟು ಸಲ ಕೈ ಕೊಟ್ಟ, ಎಲ್ಲ ಬರೆದೆ. ಆ ಒಂದು ಸಾಲಿನ ಹತ್ತಿರ ಹೋಗಲಿಲ್ಲ.

ಈಗ ಮೇಷ್ಟ್ರ ವಿಷಯಕ್ಕೆ ಬರುತ್ತೇನೆ. ನಿನಗೆ ನೆನಪಿರಬಹುದು, ವ್ಯಾಕರಣದ ಮೇಷ್ಟ್ರು, ಕೆಳದವಡೆಯ ಹಲ್ಲು ಅಲ್ಲಾಡುತ್ತಿದ್ದರೂ ಕೀಳಿಸಲು ಒಪ್ಪದೆ ‘ಅದು ನನ್ನ ಹಳೆಯ ವಿದ್ಯಾರ್ಥಿ ಇದ್ದ ಹಾಗೆ, ಗಲಾಟೆ ಮಾಡ್ತದೆ, ಹೋಗಲ್ಲ’ ಎನ್ನುತ್ತಿದ್ದವರು. ಅವರು ಈಗ ನಿವೃತ್ತರಾಗಿ ದೊಡ್ಡ ನಿಘಂಟಿನ ಸಮಿತಿಯಲ್ಲಿದ್ದಾರೆ. ಹೋದ ಸೋಮವಾರ ದವಡೆ ಊದಿಸಿಕೊಂಡು ಬಂದರು. ಬೇರಿನವರೆಗೂ ಕೊರೆದು ಶುದ್ಧ ಮಾಡಬೇಕು, ಎರಡು ಮೂರು ಸಲ ಬರಬೇಕಾಗುತ್ತದೆ ಎಂದೆ. ಅವರು ಬಾಯಿ ತೆರೆಯುವ ಬದಲು ಜೇಬಿನಿಂದ ಒಂದು ಚೀಟಿ ತೆಗೆದರು. ‘ಡಾಕ್ಟ್ರೇ, ನಿಮ್ಮ ಮನೆಯವರ ಪದ ಬಂದಿದೆ. ಮ ಅಕ್ಷರ ಅಚ್ಚಿಗೆ ಹೋಗ್ತಾ ಇದೆ. ಕೇಳಿ’ ಎಂದು ಓದಿದರು. ಮಿಂಚುಳ್ಳೀಯ, ಗುಣವಾಚಕ. ಒಂದು, ಮಿಂಚುಳ್ಳಿ ಎಂಬ ಕಾವ್ಯನಾಮದ ನಾಟಕಕಾರ್ತಿಗೆ ಅಥವಾ ಅವರ ನಾಟಕಗಳಿಗೆ ಸಂಬಂಧಿಸಿದ. ಎರಡು, ಮೇಲೆ ಸೌಜನ್ಯ, ಒಳಗೆ ತಣ್ಣನೆಯ ಹಗೆ ಇರುವ. ಮಾತು, ಮೌನ, ಸಂಸಾರಗಳಿಗೆ ಹೇಳುವುದು. ಪ್ರಯೋಗ: ‘ಅವರದು ಮಿಂಚುಳ್ಳೀಯ ದಾಂಪತ್ಯ.’

ಅವರು ಚೀಟಿ ಮಡಿಸುತ್ತಾ, ದೇಸಿ ಪದಕ್ಕೆ ಸಂಸ್ಕೃತದ ಈಯ ಅಂಟಿಸಿದವನು ಯಾವ ಪತ್ರಿಕೆಯವನೋ, ಎತ್ತಿನ ಗಾಡಿಗೆ ಹಾರ್ನ್ ಹಾಕಿದ ಹಾಗಿದೆ, ಆದರೂ ಜನ ಬಾಯಿಗೆ ತಂದುಕೊಂಡ ಮೇಲೆ ನಾವು ಯಾರು ಬೇಡ ಅನ್ನೋಕೆ ಎಂದು ಗೊಣಗುತ್ತಿದ್ದರು. ನನಗೆ ಆ ಪ್ರಯೋಗವಾಕ್ಯವೇ ಕಿವಿಯಲ್ಲಿ ಕೂತುಬಿಟ್ಟಿತ್ತು. ಅವರದು ಎಂದರೆ ಯಾರದು? ಕೇಳಲಿಲ್ಲ. ‘ಬಾಯಿ ದೊಡ್ಡದಾಗಿ ತೆರೀರಿ’ ಎಂದೆ.

ಇಷ್ಟು ದಿನ ಆ ಪದ ನನಗೆ ತಮಾಷೆಯಾಗಿತ್ತು. ಮೂಲೆಯ ಬಣ್ಣದ ಅಂಗಡಿಯವನು ಮಿಂಚು ಎಂದರೆ ಹೊಳೆಯುವುದು ಎಂದುಕೊಂಡು ‘ಗೋಡೆಗಳಿಗೆ ಮಿಂಚುಳ್ಳೀಯ ಹೊಳಪು’ ಎಂದು ಬೋರ್ಡು ಬರೆಸಿದ್ದಾನೆ, ಅದನ್ನು ನೋಡಿದಾಗಲೆಲ್ಲ ನಿನಗೆ ಹೇಳಬೇಕೆಂದು ನಗು ಬರುತ್ತಿತ್ತು. ಬಸ್ಸಿನಲ್ಲಿ ಇಬ್ಬರು ಹೆಂಗಸರು ತಮ್ಮ ಮೇಲಧಿಕಾರಿಯ ಬಗ್ಗೆ ‘ಬೈಯೋದೇ ಇಲ್ಲ ಕಣೇ, ಬರೀ ಮಿಂಚುಳ್ಳೀಯವಾಗಿ ನಿಮ್ಮ ಮನೇಲಿ ಎಲ್ಲ ಸೌಖ್ಯವಾ ಅಂತ ಕೇಳ್ತಾನೆ, ಮೈ ನಡುಗತ್ತೆ’ ಎಂದು ಹೇಳಿಕೊಳ್ಳುತ್ತಿದ್ದಾಗ, ನಾನು ಅದರ ಒಡತಿಯ ಗಂಡ ಎಂದು ಎದೆ ಉಬ್ಬಿಸಿ ಕೂತಿದ್ದೆ. ಜನ ನಿನ್ನ ನಾಟಕದ ಗಂಡಂದಿರ ಬಗ್ಗೆ ಮಾತಾಡುತ್ತಿದ್ದಾರೆ, ನನ್ನ ಬಗ್ಗೆ ಅಲ್ಲ ಎಂದುಕೊಂಡಿದ್ದೆ. ನೋಡು, ಎಂಥ ಪೆದ್ದ.

ಆ ಚೀಟಿ ಓದಿದ್ದು ಒಂದು ದಿನ, ಮರುದಿನವೇ ಮಗಳ ಕಚೇರಿಯ ಆ ಹುಡುಗನ ತಂದೆ ತಾಯಿ ಮದುವೆ ಮಾತಿಗೆ ಮನೆಗೆ ಬಂದರು. ಬರುತ್ತಾರೆ ಎಂದು ಮಗಳು ನಿನಗೆ ಬರೆದಿದ್ದಳಲ್ಲ. ತಂದೆ ಔಷಧಿ ಅಂಗಡಿಯವರು, ಸಾಧು ಮನುಷ್ಯ. ತಾಯಿ ಶಾಲೆಯ ಮುಖ್ಯೋಪಾಧ್ಯಾಯಿನಿ, ಕೂತ ಕುರ್ಚಿಯೇ ನೆಟ್ಟಗಾಗುವ ಹಾಗೆ ಕೂರುತ್ತಾರೆ. ಎಲ್ಲ ಚೆನ್ನಾಗಿಯೇ ನಡೆಯುತ್ತಿತ್ತು. ಮಗಳು ಚಹಾ ತಂದಿಟ್ಟಳು. ಆಮೇಲೆ ಆ ತಾಯಿ ಬಹಳ ಮೃದುವಾಗಿ ಕೇಳಿದರು. ‘ನಿಮ್ಮ ಮನೆಯವರಿಗೆ ಆ ಊರಲ್ಲಿ ಇಡೀ ಶಾಲೆಯ ಜವಾಬ್ದಾರಿ ಕೊಡ್ತಾರಂತೆ, ಇರೋಕೆ ಮನೆಯೂ ಕೊಡ್ತಾರಂತೆ. ಪೇಪರಿನಲ್ಲಿ ಓದಿದ್ವಿ. ಅವರು ಅಲ್ಲೇ ಉಳೀತಾರಾ?’

ಮನೆ ಕೊಡುತ್ತಾರೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು.

ನಾನು ಏನು ಹೇಳಿದೆ ಗೊತ್ತೇ? ‘ಚಹಾ ಆರಿ ಹೋಗುತ್ತೆ, ತಗೊಳ್ಳಿ’ ಎಂದೆ. ಅವರು ಗಂಡನ ಮುಖ ನೋಡಿದರು, ಗಂಡ ಗೋಡೆ ನೋಡಿದರು. ಆಕೆ ಲೋಟ ಕೈಗೆತ್ತಿಕೊಂಡು, ‘ತಪ್ಪು ತಿಳೀಬೇಡಿ. ಹುಡುಗಿ ಬಂಗಾರದಂಥವಳು. ಆದರೆ ಮನೆ ಸ್ವಲ್ಪ ಮಿಂಚುಳ್ಳೀಯ ಅಂತ ನಾಲ್ಕು ಜನ ಹೇಳ್ತಾರೆ. ನಮ್ಮ ಹುಡುಗ ಬಾಯಿಬಡುಕ, ಮನಸ್ಸಿಗೆ ಬಂದದ್ದನ್ನು ಹೇಳಿಬಿಡ್ತಾನೆ, ಇಂಥಲ್ಲಿ ಹೊಂದಿಕೋತಾನಾ ಅಂತ ಒಂದು ಭಯ’ ಎಂದರು. ನಾನು ಬಿಸ್ಕತ್ತಿನ ತಟ್ಟೆ ಅವರ ಕಡೆ ಸರಿಸಿದೆ. ಸಕ್ಕರೆ ಸಾಕಾಯಿತೇ ಎಂದು ಕೇಳಿದೆ. ಆಗ ಮಗಳು ನಕ್ಕಳು. ಮೊದಲು ಬಾಯಿಗೆ ಕೈ ಅಡ್ಡ ಹಿಡಿದು, ಆಮೇಲೆ ತಡೆಯಲಾಗದೆ ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು, ನೋಡನೋಡುತ್ತಿದ್ದಂತೆ ಅದು ಅಳುವಾಯಿತು. ‘ಅಪ್ಪಾ, ಆ ಪದದ ಅರ್ಥ ನೀವೇ’ ಎಂದು ಎದ್ದು ಒಳಗೆ ಹೋದಳು. ಬಂದವರು ಚಹಾ ಮುಗಿಸದೆಯೇ ಎದ್ದರು. ಗೇಟಿನ ತನಕ ಹೋಗಿ, ದಾರಿಯಲ್ಲಿ ಗುಂಡಿ ತೋಡಿದ್ದಾರೆ, ಜೋಪಾನ ಎಂದು ಹೇಳಿ ಕಳಿಸಿದೆ. ಅದನ್ನು ಹೇಳುವಾಗಲೇ ನನಗೆ ನನ್ನ ಬಾಯಿಯ ಮೇಲೆ ಕೋಪ ಬಂತು.

ಸಂಜೆ ಮಗಳ ಕೋಣೆಯ ಬಾಗಿಲು ತಟ್ಟಿದೆ. ಅವಳು ಮುಖ ತೊಳೆದುಕೊಂಡು ಕೂತಿದ್ದಳು. ‘ಅಮ್ಮ ಅಲ್ಲೇ ಇದ್ದುಬಿಡ್ತಾರಾ ಅಂತ ನೀವು ಕೇಳಿದ್ರಾ?’ ಎಂದಳು. ನಾನು ಇಲ್ಲ ಎಂದೆ. ‘ಅಮ್ಮ ಹೇಳಿದ್ರಾ?’ ಅದೂ ಇಲ್ಲ ಎಂದೆ. ‘ಇಬ್ಬರಿಗೂ ಏನಾಗಿದೆ ನಿಮಗೆ’ ಎಂದು ಅವಳು ತಲೆ ಮೇಲೆ ಕೈ ಹೊತ್ತುಕೊಂಡಳು. ಆಮೇಲೆ, ‘ನಾಳಿದ್ದು ಕಾಲೇಜಿನವರು ಅಮ್ಮನ ನಾಟಕ ಆಡ್ತಾ ಇದ್ದಾರೆ. ನೀವು ಬರಬೇಕು. ಬಂದು ಸುಮ್ಮನೆ ಕೂತು ನೋಡಬೇಕು’ ಎಂದು ಅಪ್ಪಣೆ ಕೊಟ್ಟಳು.

ನಿನ್ನ ಎಲ್ಲ ನಾಟಕಗಳ ಮೊದಲ ಪ್ರದರ್ಶನಕ್ಕೂ ನಾನು ಬಂದಿದ್ದೇನೆ, ನಿನಗೇ ಗೊತ್ತು. ಆದರೆ ನಿಜ ಹೇಳಬೇಕೆಂದರೆ ನಾನು ನಾಟಕ ನೋಡಿದ್ದೇ ಇಲ್ಲ. ನಿನ್ನನ್ನು ನೋಡುತ್ತಿದ್ದೆ. ನೀನು ಪರದೆಯ ಪಕ್ಕ ನಿಂತು ಉಗುರು ಕಚ್ಚುತ್ತಿದ್ದೆ, ಎಲ್ಲಿ ಜನ ಕೆಮ್ಮಿದರೆ ನೀನು ಹೆದರುತ್ತೀಯೋ ಎಂದು ನಾನು ಜನರ ಕೆಮ್ಮು ಎಣಿಸುತ್ತಿದ್ದೆ. ಈ ಸಲ ಪರದೆಯ ಪಕ್ಕ ನೀನಿರಲಿಲ್ಲ. ನೋಡಲು ವೇದಿಕೆಯೊಂದೇ ಇತ್ತು.

ಪ್ಲಾಸ್ಟಿಕ್ ಕುರ್ಚಿ, ಕಿರ್ ಎನ್ನುವ ಫ್ಯಾನು, ಮೈಕು ಇಲ್ಲ. ಗಂಡನ ಪಾತ್ರ ಮಾಡಿದ ಹುಡುಗನಿಗೆ ಅಂಟಿಸಿದ ಮೀಸೆ ಒಂದು ಕಡೆ ಎದ್ದು ನಿಂತಿತ್ತು. ಕೊನೆಯ ದೃಶ್ಯದಲ್ಲಿ ಅವನು ಸ್ಟೂಲಿನ ಮೇಲೆ ನಿಂತು ಬಲ್ಬು ಬದಲಾಯಿಸುತ್ತಿರುತ್ತಾನೆ. ಹೆಂಡತಿ ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತು ‘ಹೊರಟೆ’ ಅನ್ನುತ್ತಾಳೆ. ಅವನು ತಿರುಗದೆ ‘ಛತ್ರಿ ತಗೊಂಡ್ಯಾ?’ ಎನ್ನುತ್ತಾನೆ. ಜನ ನಕ್ಕರು. ‘ಟಾರ್ಚು?’ ಎನ್ನುತ್ತಾನೆ. ಇನ್ನೂ ನಕ್ಕರು. ‘ಅಲ್ಲಿ ನೀರು ಕಾಯಿಸಿ ಕುಡಿ.’ ನಕ್ಕರು. ಆಮೇಲೆ ಆ ಹುಡುಗ ಬಲ್ಬು ಕೈಯಲ್ಲಿ ಹಿಡಿದುಕೊಂಡು, ದನಿ ಸ್ವಲ್ಪವೂ ಬದಲಾಯಿಸದೆ, ‘ಕಿಟಕಿ ಪಕ್ಕ ಕೂತ್ಕೊ. ಬಸ್ಸಲ್ಲಿ ನಿನಗೆ ತಲೆ ಸುತ್ತತ್ತೆ’ ಎಂದ. ಆಗ ಯಾರೂ ನಗಲಿಲ್ಲ.

ಇವಳೇ, ಆ ಮಾತು ನನ್ನದು. ಮದುವೆಯಾದ ಹೊಸತರಲ್ಲಿ ನೀನು ತಾಯಿಯ ಮನೆಗೆ ಹೊರಟಾಗ ಬಸ್ ನಿಲ್ದಾಣದಲ್ಲಿ ನಾನು ಆಡಿದ ಮಾತು. ನೀನು ಅದನ್ನು ಇಟ್ಟುಕೊಂಡಿದ್ದೀಯ ಎಂದು ನನಗೆ ತಿಳಿದೇ ಇರಲಿಲ್ಲ. ನನ್ನ ಬಲಗಡೆ ಕೂತಿದ್ದ ಗಡ್ಡದವನು ‘ಕಲ್ಲು ಮನುಷ್ಯ, ಹೆಂಡ್ತಿ ಬಿಟ್ಟು ಹೋಗ್ತಿದ್ರೂ ಟಾರ್ಚು ಕೇಳ್ತಾನೆ’ ಎಂದು ಹಲ್ಲು ಕಡಿದ. ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ‘ಎಷ್ಟು ಪ್ರೀತಿ ಇಟ್ಕೊಂಡಿದಾನೆ ನೋಡೇ ಈ ಪೆದ್ದುಮುಂಡೇದು. ಬಾಯಿಬಿಟ್ಟು ಹೇಳಬಾರದಾ’ ಎಂದರು. ಒಂದೇ ಮಾತು, ಒಂದೇ ಸಭಾಂಗಣ, ಮಧ್ಯದಲ್ಲಿ ನಾನು. ಯಾರು ಹೇಳಿದ್ದು ಸರಿ ಎಂದು ಎರಡು ಕಡೆಯೂ ತಿರುಗಿ ನೋಡಿದೆ. ನೀನು ಬರೆಯುವಾಗ ಯಾವ ಕಡೆ ಇದ್ದೆ?

ಹೆಂಡತಿ ಬಾಗಿಲ ಚಿಲಕಕ್ಕೆ ಕೈ ಹಾಕುವಷ್ಟರಲ್ಲಿ ದೀಪ ಆರಿತು, ನಾಟಕ ಮುಗಿಯಿತು. ಚಪ್ಪಾಳೆ ನಿಂತ ಮೇಲೆ ನಾನು ನಾಚಿಕೆ ಬಿಟ್ಟು ವೇದಿಕೆಯ ಹಿಂದೆ ಹೋಗಿ, ಆಡಿಸಿದ ಹುಡುಗಿಯನ್ನು ಹಿಡಿದು ‘ಅವಳು ಹೋಗ್ತಾಳಾ, ಇಲ್ವಾ?’ ಎಂದು ಕೇಳಿದೆ. ಅವಳಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ‘ಅದನ್ನ ಬರೆದೇ ಇಲ್ಲ ಅಂಕಲ್. ಅದೇ ಮಿಂಚುಳ್ಳೀಯ’ ಎಂದು ಹೆಮ್ಮೆಯಿಂದ ನಕ್ಕಳು. ಮಗಳು ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದಳು. ದಾರಿಯುದ್ದಕ್ಕೂ ಅವಳು ಕೈ ಬಿಡಲಿಲ್ಲ.

ಮೇಷ್ಟ್ರು ಎರಡನೇ ಸಲ ಬಂದಾಗ ನಾನು ಕೆಲಸ ಶುರುಮಾಡಿ, ಅವರ ಬಾಯಿಗೆ ಹತ್ತಿ ತುಂಬಿಸಿ, ಅವರು ಮರುಮಾತಾಡಲಾಗದ ಸ್ಥಿತಿಯಲ್ಲಿರುವಾಗ ಹೇಳಿದೆ. ಬೇರೆ ಧೈರ್ಯ ನನ್ನಲ್ಲಿ ಇರಲಿಲ್ಲ. ‘ಮೇಷ್ಟ್ರೇ, ನಿಮ್ಮ ಎರಡನೇ ಅರ್ಥ ತಪ್ಪು. ಒಳಗೆ ಇರೋದು ಹಗೆ ಅಲ್ಲ’ ಎಂದೆ. ಅವರು ಹುಬ್ಬು ಎತ್ತಿದರು. ‘ಭಯ’ ಎಂದೆ. ಹುಬ್ಬು ಇನ್ನೂ ಮೇಲೆ ಹೋಯಿತು. ‘ಹೋಗ್ತೀಯಾ ಅಂತ ಕೇಳಿದರೆ ಹೂಂ ಅಂದುಬಿಟ್ಟರೆ ಏನು ಗತಿ ಅನ್ನೋ ಭಯ. ಅದಕ್ಕೇ ಛತ್ರಿ ತಗೊಂಡ್ಯಾ ಅಂತ ಕೇಳೋದು. ಅದಕ್ಕೆ ಹೂಂ ಅಂದರೆ ಏನೂ ಹೋಗಲ್ಲವಲ್ಲ.’ ಪಕ್ಕದಲ್ಲಿ ಉಪಕರಣ ಕೊಡುತ್ತಿದ್ದ ಸಿಸ್ಟರ್ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ನಾನು ಕ್ಲಿನಿಕ್ಕಿನಲ್ಲಿ ಇಷ್ಟು ಮಾತಾಡಿದ್ದನ್ನು ಅವಳು ಕಂಡೇ ಇಲ್ಲ.

ಹತ್ತಿ ತೆಗೆದ ಮೇಲೆ ಮೇಷ್ಟ್ರು ಬಹಳ ಹೊತ್ತು ಬಾಯಿ ಮುಕ್ಕಳಿಸಿದರು. ಬೈಯುತ್ತಾರೆ ಎಂದುಕೊಂಡೆ. ‘ಡಾಕ್ಟ್ರೇ, ನೀವು ಹೇಳಿದ್ದು ಪದದ ಅರ್ಥವೋ ನಿಮ್ಮ ಮನೆಯ ಕಷ್ಟವೋ?’ ಎಂದರು. ‘ಎರಡೂ ಬೇರೆ ಅಂತ ನನಗೆ ಗೊತ್ತಾಗ್ತಿಲ್ಲ’ ಎಂದೆ. ಅವರು ಊದಿದ ದವಡೆ ಹಿಡಿದುಕೊಂಡು ಸ್ವಲ್ಪ ಯೋಚಿಸಿದರು. ‘ಜನ ಹಗೆ ಅಂತಲೇ ಬಳಸ್ತಾರೆ, ಅದನ್ನ ನಾನು ಅಳಿಸೋಕಾಗಲ್ಲ. ಆದರೆ ಮೂರನೇ ಅರ್ಥ ಅಂತ ಸೇರಿಸಬಹುದು. ಬರೆದವರ ಕಡೆಯಿಂದ ಒಂದು ಮಾತು ಬೇಕು. ಅವರನ್ನೇ ಕೇಳಿ. ಆ ಪುಟ ಅಲ್ಲಿವರೆಗೂ ತಡೆದಿಡ್ತೀನಿ’ ಎಂದರು. ಬಾಗಿಲ ತನಕ ಹೋದವರು ತಿರುಗಿ ನಿಂತು, ‘ಅವರದು ಅನ್ನೋ ಪ್ರಯೋಗವಾಕ್ಯ ನನ್ನದು. ನಿಮ್ಮನ್ನ ಮನಸ್ಸಲ್ಲಿಟ್ಟುಕೊಂಡು ಬರೆದದ್ದಲ್ಲ. ತೆಗೆದು ಹಾಕ್ತೀನಿ’ ಎಂದರು. ದೊಡ್ಡ ಮನುಷ್ಯರು.

ಅದಕ್ಕೇ ಈ ಕಾಗದ. ಮೂರನೇ ಅರ್ಥ ಹಾಕಬಹುದೋ ಬಾರದೋ ಎಂದು ನೀನು ಎರಡು ಸಾಲು ಬರೆದು ಕಳಿಸಿದರೆ ಮೇಷ್ಟ್ರಿಗೆ ಅನುಕೂಲವಾಗುತ್ತದೆ. ನಾನು ಹೇಳಿದ್ದು ತಪ್ಪಾಗಿದ್ದರೆ ತಪ್ಪು ಎಂದೇ ಬರೆ. ಆ ಅಜ್ಜಿ ಹೇಳಿದ್ದು ಸುಳ್ಳು, ಗಡ್ಡದವನು ಹೇಳಿದ್ದೇ ನಿಜ ಎಂದಿದ್ದರೂ ಬರೆ. ತಿಳಿದುಕೊಂಡಿರುವುದು ಒಳ್ಳೆಯದು. ತಿಳಿಯದೆ ದಿನ ಕಳೆಯುವುದು ಈಚೆಗೆ ಕಷ್ಟವಾಗುತ್ತಿದೆ, ಒಂದೇ ಹಲ್ಲನ್ನು ಎರಡು ಸಲ ನೋಡುತ್ತೇನೆ, ರೋಗಿಗಳು ಏನಾಯಿತು ಡಾಕ್ಟ್ರೇ ಎಂದು ಗಾಬರಿಯಾಗುತ್ತಾರೆ.

ಮಗಳ ವಿಷಯಕ್ಕೆ ನೀನು ಚಿಂತೆ ಮಾಡಬೇಡ. ಆ ಹುಡುಗ ನಿನ್ನೆ ಬಂದಿದ್ದ. ನಿಜವಾಗಿಯೂ ಬಾಯಿಬಡುಕ. ಚಪ್ಪಲಿ ಬಿಡುವುದಕ್ಕೂ ಮೊದಲೇ ‘ಅಂಕಲ್, ನಮ್ಮಮ್ಮ ಹಾಗೆ ಹೇಳಬಾರದಿತ್ತು, ನನಗೆ ಅವಳನ್ನ ಬಿಟ್ಟು ಬೇರೆ ಯಾರೂ ಬೇಡ, ನಿಮಗೆ ನಾನು ಇಷ್ಟವಾದೆನಾ ಇಲ್ವಾ ಈಗಲೇ ಹೇಳಿಬಿಡಿ’ ಎಂದ. ಒಂದೇ ಉಸಿರಿಗೆ ಇಷ್ಟನ್ನೂ ಹೇಗೆ ಹೇಳುತ್ತಾರೋ! ನನಗೆ ಹೊಟ್ಟೆಕಿಚ್ಚಾಯಿತು. ಇಷ್ಟವಾದೆ ಎಂದೆ. ಹೇಳುವುದು ಅಂಥ ಕಷ್ಟವೇನಲ್ಲ ಎಂದು ಹೇಳಿದ ಮೇಲೆ ಅನ್ನಿಸಿತು. ಅವನ ತಾಯಿಯೂ ಮೆತ್ತಗಾಗಿದ್ದಾರಂತೆ, ಆದರೆ ನೀನು ಬಂದು ಎದುರಿಗೆ ಕೂತು ಮಾತಾಡದೆ ದಿನ ಗೊತ್ತುಮಾಡುವುದು ಬೇಡ ಎನ್ನುತ್ತಾರೆ. ಮಗಳಿಗೂ ಹಾಗೆಯೇ ಅನ್ನಿಸಿದೆ.

ಮಗಳು ನಿನಗೆ ಮುತ್ತು ಕಳಿಸಿದ್ದಾಳೆ. ಸಿಸ್ಟರ್ ನಮಸ್ಕಾರ ಹೇಳಿದ್ದಾಳೆ, ನಿನ್ನ ಮುಂದಿನ ನಾಟಕದಲ್ಲಿ ನರ್ಸಿನ ಪಾತ್ರವಿದ್ದರೆ ಅದಕ್ಕೆ ಒಂದೆರಡು ಮಾತು ಜಾಸ್ತಿ ಕೊಡಬೇಕಂತೆ. ನಿನ್ನ ನಾಟಕ ಚೆನ್ನಾಗಿ ನಡೆಯಲಿ, ಕೊನೆಯ ಸಾಲಿನವರಿಗೂ ಕೇಳಲಿ, ನಿನ್ನ ದನಿ ನಿನ್ನ ಹತ್ತಿರವೇ ಉಳಿಯಲಿ. ಹೊತ್ತು ಹೊತ್ತಿಗೆ ಉಣ್ಣು.

ನಿನ್ನ,
‘ರೀ’

ತಾ.ಕ.: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಚ್ಚಿದ್ದೇನೆ, ಅಂಚು ಹರಿದಿದೆ, ಮನ್ನಿಸು. ನಿಘಂಟು ಹಾಗಿರಲಿ. ನೀನಿಲ್ಲದೆ ನನಗೆ ಆಗುತ್ತಿಲ್ಲ ಕಣೇ. ಆ ಕೆಲಸ ನಿನಗೆ ಸಿಗಬೇಕಾದದ್ದೇ, ಬಿಡಬೇಡ, ಬಿಟ್ಟು ಬಾ ಎಂದು ನಾನು ಹೇಳುವುದಿಲ್ಲ. ಆದರೆ ಒಬ್ಬಳೇ ಉಳಿಯಬೇಡ. ಕ್ಲಿನಿಕ್ಕಿನ ಕುರ್ಚಿ ರಿಪೇರಿ ಮಾಡುವವನನ್ನು ಕರೆಸಿ ಕೇಳಿದೆ. ನಾಲ್ಕು ಭಾಗ ಮಾಡಿ ಬಿಚ್ಚಿ ಲಾರಿಗೆ ಹಾಕಿದರೆ ಯಾವ ಊರಲ್ಲಿ ಬೇಕಾದರೂ ಮತ್ತೆ ಕೂರಿಸಬಹುದಂತೆ. ಅಲ್ಲಿಯವರಿಗೂ ಹಲ್ಲು ನೋಯುತ್ತದಲ್ಲ. ಅವರು ಕೊಡುವ ಮನೆಯ ಮುಂದಿನ ಬಾಗಿಲು ಎಷ್ಟು ಅಗಲ ಇದೆ ಅಳೆದು ಬರೆ. ಅಲ್ಲ, ಅದು ಆಮೇಲೆ. ಮೊದಲು ಇದಕ್ಕೆ ಉತ್ತರ ಕೊಡು, ನಾನು ಬರಲಾ?